ದೋಣಿಯ ಬೋಲ್ಟಿಗೂ ಗಾಳಿ ಬೇಕು

ಸ್ಟೇನ್‌ಲೆಸ್ ಸ್ಟೀಲಿಗೆ (ಎಸ್‌ಎಸ್) ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ಅಡುಗೆಮನೆಯಲ್ಲಿ ನಡೆಯುತ್ತದೆ, ಕಡಲಿನಲ್ಲಿ ನಡೆಯುವುದಿಲ್ಲ. ಉಕ್ಕಿಗೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಸೇರಿದರೆ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಪದರವೊಂದು ತಾನಾಗಿಯೇ ಕಟ್ಟಿಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್. ಗೀರು ಬಿದ್ದರೂ ಆಮ್ಲಜನಕ ಸಿಕ್ಕಿದ ಕೂಡಲೇ ಪದರ ಮತ್ತೆ ಕೂಡಿಕೊಳ್ಳುತ್ತದೆ. ಎಸ್‌ಎಸ್ ಬೋಲ್ಟಿನ ಬಾಳಿಕೆಯ ಗುಟ್ಟು ಇಷ್ಟೇ, ದೌರ್ಬಲ್ಯವೂ ಇದೇ. ಬೋಲ್ಟಿನ ತಲೆಯ ಕೆಳಗೆ, ವಾಷರಿನ ಸಂದಿಯಲ್ಲಿ, ಒದ್ದೆ ಹಲಗೆಯೊಳಗೆ ಉಪ್ಪುನೀರು ನಿಂತು ಗಾಳಿಯಾಡದಿದ್ದರೆ ಪದರ ದುರಸ್ತಿಯಾಗುವುದಿಲ್ಲ. ನೀರಿನ ಕ್ಲೋರೈಡ್ ಅದನ್ನು ಕೊರೆದು ಒಳಗಿಳಿಯುತ್ತದೆ. ಹೊರಗೆ ಕಾಣುವ ತಲೆ ಫಳಫಳ ಹೊಳೆಯುತ್ತಿರುವಾಗಲೇ ಒಳಗಿನ ಕಂಬಿ ಸವೆದು ಅರ್ಧವಾಗಿರಬಹುದು. ಯಾವ ಬೋಲ್ಟು ಕೊಳ್ಳಬೇಕು, ಎಲ್ಲಿ ಹಾಕಬಾರದು, ಹೇಗೆ ಕೂರಿಸಬೇಕು ಎಂಬ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಒಂದು ಕಾರಣದಿಂದ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಬಗೆ: 304 ಮತ್ತು 316. 304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. 316ರಲ್ಲಿ ಇವುಗಳ ಜೊತೆಗೆ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುತ್ತದೆ. ಕ್ಲೋರೈಡಿನ ಎದುರು ನಿಲ್ಲುವ ಶಕ್ತಿಯನ್ನು ಹೆಚ್ಚಿಸುವುದು ಅದೇ. ಬೋಲ್ಟಿನ ತಲೆಯ ಮೇಲೆ ಎ2 ಎಂದಿದ್ದರೆ ಅದು 304ರ ಜಾತಿ, ಎ4 ಎಂದಿದ್ದರೆ 316ರ ಜಾತಿ. ಉಪ್ಪುನೀರಿನ ದೋಣಿಗೆ ಎ4 ಬೇಕು. ಕ್ಯಾಬಿನ್ನಿನ ಒಳಗೆ, ನೀರು ಸಿಡಿಯದ ಕಡೆ ಎ2 ಸಾಕಾಗುತ್ತದೆ. ಆದರೆ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಬೆರೆತು ಹೋಗುತ್ತವೆ. ಎಲ್ಲ ಕಡೆಗೂ ಎ4 ಕೊಂಡರೆ ಆ ತಲೆನೋವೇ ಇರುವುದಿಲ್ಲ. ಗುರುತಿಲ್ಲದ ಬೋಲ್ಟನ್ನು ಮ್ಯಾಗ್ನೆಟ್ ಹಿಡಿದು ಪರೀಕ್ಷಿಸುವ ಪದ್ಧತಿಯ ಮೇಲೆ ಭರವಸೆ ಇಡುವಂತಿಲ್ಲ. 304, 316 ಎರಡೂ ಮ್ಯಾಗ್ನೆಟ್ಟಿಗೆ ಹೆಚ್ಚುಕಮ್ಮಿ ಅಂಟುವುದಿಲ್ಲ. ತಣ್ಣಗಿರುವಾಗಲೇ ಒತ್ತಿ ತಲೆ, ಥ್ರೆಡ್ ಮೂಡಿಸಿದ್ದರೆ ಒಳ್ಳೆಯ ಬೋಲ್ಟೂ ತುಸು ಸೆಳೆಯುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡರೆ ಮಾತ್ರ ಅದು 410ರಂಥ ಬೇರೆ ಜಾತಿಯೋ ಬರೀ ಕಬ್ಬಿಣವೋ ಆಗಿರಬಹುದೆಂದು ಅನುಮಾನಿಸಬೇಕು.

ಗುರುತಿನ ಮುಂದಿನ ಅಂಕಿ ಬಲವನ್ನು ಹೇಳುತ್ತದೆ. ಎ4-70 ಎಂದರೆ ಎಳೆತಕ್ಕೆ 700 ಮೆಗಾಪ್ಯಾಸ್ಕಲ್, ಎ4-80 ಎಂದರೆ 800. ಎಂಜಿನ್ನಿಗೆ ಬಳಸುವ 8.8 ದರ್ಜೆಯ ಮಾಮೂಲಿ ಉಕ್ಕಿನ ಬೋಲ್ಟು ಕೂಡ 800ರದ್ದೇ. ಹಾಗಾಗಿ ತುಕ್ಕು ಹಿಡಿದಿದೆಯೆಂದು ಎಂಜಿನ್ ಕೂರಿಸಿದ 8.8 ಬೋಲ್ಟುಗಳನ್ನು ಕಿತ್ತು, ಅದೇ ಗಾತ್ರದ ಎ4-70 ಹಾಕಿದರೆ ಬಲ ಹೆಚ್ಚುವುದಿಲ್ಲ, ಇಳಿಯುತ್ತದೆ.

ನೀರಿನ ಮಟ್ಟದ ಕೆಳಗೆ, ಅದರಲ್ಲೂ ಮರದ ಬೋಟಿನಲ್ಲಿ, ಸ್ಟೇನ್‌ಲೆಸ್ ನಂಬಿಕಸ್ಥನಲ್ಲ. ನೆನೆದ ಮರದೊಳಗೆ ಉಪ್ಪು, ತೇವ ಎರಡೂ ಧಾರಾಳ, ಆಮ್ಲಜನಕ ಮಾತ್ರ ಇಲ್ಲ. ಅಂಥಲ್ಲಿ ಸಿಲಿಕಾನ್ ಕಂಚಿನ ಬೋಲ್ಟು, ಸ್ಕ್ರೂಗಳೇ ಲೇಸು, ಏಕೆಂದರೆ ಅವು ಸ್ಟೇನ್‌ಲೆಸ್ಸಿನಂತೆ ಆಮ್ಲಜನಕವನ್ನು ನೆಚ್ಚಿಕೊಂಡು ಬದುಕುವುದಿಲ್ಲ. ಹಿತ್ತಾಳೆಯನ್ನು ಕಂಚಿನ ಬದಲಿಗೆ ಹಾಕುವುದು ತಪ್ಪು. ಉಪ್ಪುನೀರು ಅದರೊಳಗಿನ ಸತುವನ್ನು ತಿಂದು ಟೊಳ್ಳು ಮಾಡುತ್ತದೆ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದ ಪಶ್ಚಿಮ ಕರಾವಳಿಯ ಹಳೆಯ ದೋಣಿಗಳಿಗೆ ಈ ತೊಂದರೆಯೇ ಇರಲಿಲ್ಲ ಎಂಬುದು ಬೇರೆ ಮಾತು.

ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಾಗ ಆಗುವ ಅನಾಹುತ ಇನ್ನೊಂದು ಬಗೆಯದು. ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಎರಡು ವರ್ಷದ ಬಳಿಕ ನೋಡಿದರೆ ತಗಡು ಅಲ್ಲಲ್ಲಿ ಕಳಚಿತ್ತು. ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ಅಕಸ್ಮಾತ್ತಾಗಿ ಮಧ್ಯೆ ಉಳಿದುಕೊಂಡ ಕಡೆ ಮಾತ್ರ ಮೊಳೆಗಳು ಗಟ್ಟಿಯಾಗಿದ್ದವು. ಎರಡು ಲೋಹಗಳ ನಡುವೆ ತಡೆ ಇರಬೇಕೆಂಬ ಪಾಠವನ್ನು ಆ ಕಾಗದದ ಚೂರುಗಳೇ ಕಲಿಸಿದವು. ಇಂದು ಅಲ್ಯೂಮಿನಿಯಂ ಕಂಬಕ್ಕೋ ಚೌಕಟ್ಟಿಗೋ ಎಸ್‌ಎಸ್ ಬೋಲ್ಟು ಹಾಕುವಾಗ ನೈಲಾನ್ ವಾಷರ್, ಕೊಳವೆ (ಸ್ಲೀವ್) ಕೊಟ್ಟು, ಥ್ರೆಡ್ಡಿಗೆ ತಡೆಲೇಪ ಬಳಿಯುವುದು ಅದಕ್ಕೇ. ಇಲ್ಲದಿದ್ದರೆ ಸ್ಟೀಲು ಉಳಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಗಾತ್ರದ ಲೆಕ್ಕವೂ ಇಲ್ಲಿದೆ. ದೊಡ್ಡ ಅಲ್ಯೂಮಿನಿಯಂ ಹಾಳೆಗೆ ಚಿಕ್ಕ ಎಸ್‌ಎಸ್ ಬೋಲ್ಟು ಹಾಕಿದರೆ ಹಾನಿ ನಿಧಾನ. ದೊಡ್ಡ ಎಸ್‌ಎಸ್ ತಗಡಿಗೆ ಚಿಕ್ಕ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ರಿವೆಟ್ ಬೇಗನೆ ಮಾಯ.

ಬೋಲ್ಟು ಎಷ್ಟೇ ಒಳ್ಳೆಯದಿರಲಿ, ಕೂರಿಸುವ ಕೆಲಸ ಕೆಟ್ಟರೆ ಖರ್ಚು ಮಾಡಿದ ಹಣ ನೀರಿಗೆ ಹೋದಂತೆಯೇ. ಹಗ್ಗ ಕಟ್ಟುವ ಕ್ಲೀಟ್, ಕೈಗಂಬಿಯಂಥ ಭಾರ ಬೀಳುವ ಸಾಮಾನನ್ನು ಫೈಬರ್ ಡೆಕ್ಕಿಗೆ ಬರೀ ಸ್ಕ್ರೂ ತಿರುಗಿಸಿ ನಿಲ್ಲಿಸಬಾರದು. ಬೋಲ್ಟು ಆರಪಾರ ಹೋಗಬೇಕು. ಅಡಿಯಲ್ಲಿ ಅಗಲ ವಾಷರ್ ಅಥವಾ ತಗಡಿನ ಪಟ್ಟಿ ಇರಬೇಕು. ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಇದ್ದರೆ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಒಣಗಿದ ಮೇಲೆ ನಡುವೆ ಬೋಲ್ಟಿನ ಗಾತ್ರಕ್ಕೆ ಮತ್ತೆ ಕೊರೆಯಬೇಕು. ಆಗ ಮುಂದೊಂದು ದಿನ ನೀರು ಸೋರಿದರೂ ಒಳಗಿನ ಮರ ಕೊಳೆಯುವುದಿಲ್ಲ.

ತೂತಿನ ಮೇಲಂಚನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ತುಸು ಇಳಿಜಾರಾಗಿ ಕೆತ್ತಿದರೆ ಎರಡು ಲಾಭ: ಫೈಬರಿನ ಹೊಳಪು ಪದರ ಬಿರಿಯುವುದಿಲ್ಲ, ಆ ತಗ್ಗಿನಲ್ಲಿ ಸೀಲಂಟ್ ನಿಂತು ಬೋಲ್ಟಿನ ಕುತ್ತಿಗೆಗೆ ರಬ್ಬರ್ ಉಂಗುರದಂತೆ ಕೂರುತ್ತದೆ. ಮುಂದೆ ಬಿಚ್ಚಬೇಕಾದ ಸಾಮಾನಿಗೆ ಪಾಲಿಸಲ್ಫೈಡ್ ಅಥವಾ ಬ್ಯುಟೈಲ್ ಟೇಪು ಸರಿ. ಬಲವಾದ ಪಾಲಿಯುರೆಥೇನ್ ಅಂಟು ಹಾಕಿದರೆ ಬಿಚ್ಚುವಾಗ ಫೈಬರ್ ಕಿತ್ತು ಬರಬಹುದು. ಬಿಗಿ ಮಾಡುವಾಗ ಮೇಲಿನ ತಲೆಯನ್ನು ಅಲುಗಾಡದಂತೆ ಹಿಡಿದು ಕೆಳಗಿನ ನಟ್ಟನ್ನಷ್ಟೇ ತಿರುಗಿಸಬೇಕು. ತಲೆ ತಿರುಗಿದರೆ ಸೀಲಂಟು ಹರಿದು ನೀರಿಗೆ ದಾರಿಯಾಗುತ್ತದೆ.

ಎಸ್‌ಎಸ್ ಬೋಲ್ಟಿನ ಮೇಲೆ ಎಸ್‌ಎಸ್ ನಟ್ಟನ್ನು ವೇಗವಾಗಿ ಓಡಿಸಿದರೆ ತಿಕ್ಕಾಟಕ್ಕೆ ಪದರ ಹರಿದು, ಥ್ರೆಡ್‌ಗಳು ಒಂದಕ್ಕೊಂದು ಬೆಸೆದುಬಿಡುತ್ತವೆ. ಆಮೇಲೆ ನಟ್ಟು ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ, ಕತ್ತರಿಸುವುದೊಂದೇ ದಾರಿ. ಒಳಗೆ ನೈಲಾನ್ ಉಂಗುರವಿರುವ ‘ನೈಲಾನ್ ನಟ್ಟಿ’ನಲ್ಲಿ ತಿಕ್ಕಾಟ ಇನ್ನೂ ಹೆಚ್ಚು. ಪವರ್ ಡ್ರಿಲ್ ಬದಿಗಿಟ್ಟು, ಥ್ರೆಡ್ಡಿಗೆ ಆಂಟಿಸೀಜ್ ಗ್ರೀಸ್ ಸವರಿ, ಕೈ ಸ್ಪ್ಯಾನರಿನಿಂದ ನಿಧಾನವಾಗಿ ತಿರುಗಿಸುವುದೇ ಕ್ಷೇಮ. ಬಿಗಿಯಾದ ಮೇಲೆ ನಟ್ಟಿನಾಚೆ ಎರಡು ಸುತ್ತು ಥ್ರೆಡ್ ಹೊರಗೆ ಕಂಡರೆ ಉದ್ದ ಸರಿಯಿದೆ ಎಂದರ್ಥ.

ಹೊಸ ಬೋಲ್ಟಿನ ಮೇಲೆ ಕೆಲವೇ ದಿನದಲ್ಲಿ ಚಹಾ ಬಣ್ಣದ ಕಲೆ ಮೂಡಿದರೆ ಮಾಲು ಕಳಪೆ ಎಂದು ತಕ್ಷಣ ತೀರ್ಮಾನಿಸುವಂತಿಲ್ಲ. ಪಕ್ಕದಲ್ಲಿ ಗ್ರೈಂಡರ್ ಹಿಡಿದಾಗ ಸಿಡಿದ ಕಬ್ಬಿಣದ ಪುಡಿಯೋ ಕಬ್ಬಿಣದ ತಂತಿ ಬ್ರಷ್ಷಿನ ಉಜ್ಜೋ ಅದಕ್ಕೆ ಕಾರಣವಿರಬಹುದು. ಉಪ್ಪನ್ನು ಸಿಹಿನೀರಿನಿಂದ ತೊಳೆಯುತ್ತಿದ್ದರೆ ಕಲೆ ಕಡಿಮೆಯಾಗುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಲ್ಟು ನೋಡಲು ಅದೇ ಸಕಾಲ. ಹೊರಗಿನಿಂದ ನೋಡಿದರೆ ಪ್ರಯೋಜನವಿಲ್ಲ. ನೀರು ನಿಲ್ಲುವ ಜಾಗಗಳಿಂದ ಒಂದೊಂದನ್ನು ಬಿಚ್ಚಿ, ತಲೆಯ ಕೆಳಗಿನ ಭಾಗ ಸಣ್ಣಗಾಗಿದೆಯೇ, ಗುಳಿ ಬಿದ್ದಿದೆಯೇ ಎಂದು ನೋಡಬೇಕು. ಒಂದು ಸವೆದಿದ್ದರೆ ಅದೇ ಸಾಲಿನ ಉಳಿದವುಗಳ ಪಾಡೂ ಅಷ್ಟೇ ಎಂದುಕೊಂಡು ಸಾಲನ್ನೇ ಬದಲಿಸಬೇಕು. ಬಿಚ್ಚಿದ ನೈಲಾನ್ ನಟ್ಟನ್ನು ಮತ್ತೆ ಬಳಸಬಾರದು.