ಮಾರುತ್ ವಿಮಾನದ ಎಂಜಿನ್ನೂ ಸುರಂಜನ್ ದಾಸರ ಮರಣವೂ

ಕಡೂರು, ತರೀಕೆರೆ, ಅಜ್ಜಂಪುರಗಳಿಂದ ಬೆಂಗಳೂರಿಗೆ ಓದಲು ಹೋದ ವಿದ್ಯಾರ್ಥಿಗಳು ಅಲ್ಲಿನ ಹಳೆಯ ವಿಮಾನ ನಿಲ್ದಾಣದ ಸಮೀಪದಲ್ಲಿ ಸುರಂಜನ್ ದಾಸ್ ರಸ್ತೆಯೆಂಬ ಹೆಸರನ್ನು ಕಂಡಿರಬಹುದು. ಗ್ರೂಪ್ ಕ್ಯಾಪ್ಟನ್ ದಾಸರು ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಪರೀಕ್ಷಾ ವೈಮಾನಿಕರು. 1970ನೆಯ ಜನವರಿ 10ರಂದು ಎಚ್.ಎಫ್.-24 ಮಾರುತ್ ವಿಮಾನದ ಪರೀಕ್ಷೆಯಲ್ಲಿ ಮಡಿದವರು. ಈ ಮರಣವನ್ನು ಕೇವಲ ಸಾಹಸದ ಕಥೆಯಾಗಿ ಹೇಳಿ ಮುಗಿಸುವುದು ವಾಡಿಕೆ. ಅದರ ಹಿಂದೆ ಹತ್ತು ವರ್ಷಗಳ ಎಂಜಿನ್ ಕೊರತೆಯಿತ್ತೆಂಬುದನ್ನು ಇಲ್ಲಿ ತೋರಿಸಬಯಸುತ್ತೇವೆ.

ಜರ್ಮನಿಯ ಪ್ರಸಿದ್ಧ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಈ ಕೆಲಸ ಕೈಗೊಂಡನು. 1959ರಲ್ಲಿ ಅದೇ ಆಕಾರದ, ಎಂಜಿನ್ನಿಲ್ಲದ ಮರದ ವಿಮಾನವೊಂದನ್ನು ಡಕೋಟಾದ ಹಿಂದೆ ಕಟ್ಟಿ ಎಳೆದು ಹಾರಿಸಲಾಯಿತು.  1961ನೆಯ ಜೂನ್ 17ರಂದು ನಿಜವಾದ ಮಾರುತ್ತನ್ನು ಮೊದಲು ಮೇಲೇರಿಸಿದವರು ದಾಸರೇ.

ವಿಮಾನದ ಶರೀರವನ್ನು ಶಬ್ದವೇಗದ ಇಮ್ಮಡಿಗೆ ಉದ್ದೇಶಿಸಲಾಗಿತ್ತು. ಅದಕ್ಕೆ ತಕ್ಕ ಬಲವಾದ ಬ್ರಿಟಿಷ್ ಆರ್ಫಿಯಸ್ ಎಂಜಿನ್ನು ಬೇಕಿತ್ತು; ಅದನ್ನು ಬೆಳೆಸುವ ವೆಚ್ಚವನ್ನು ಹೊರುವವರಿಲ್ಲದೆ ಆ ಯೋಜನೆ ನಿಂತುಹೋಯಿತು. ಕಡಮೆ ಬಲದ ಆರ್ಫಿಯಸ್ 703 ಜೋಡಿಯಿಂದಲೇ ಮಾರುತ್ ಹಾರಬೇಕಾಯಿತು. ಈಜಿಪ್ಟಿನ ಇ-300 ಎಂಜಿನ್ನಿನ ಆಸೆಯೂ ಫಲಿಸಲಿಲ್ಲ.

ಉಳಿದ ದಾರಿ ಪುನರ್ದಹನ. ಎಂಜಿನ್ನಿನಿಂದ ಹೊರಬೀಳುವ ಬಿಸಿಗಾಳಿಯಲ್ಲಿ ಇನ್ನೂ ಉರಿಯದ ಆಮ್ಲಜನಕವಿರುತ್ತದೆ. ಬಾಲದ ಕೊಳವೆಯಲ್ಲಿ ಮತ್ತಷ್ಟು ಇಂಧನವನ್ನು ಸಿಂಪಡಿಸಿ ಉರಿಸಿದರೆ ನೂಕುಬಲ ಹೆಚ್ಚುತ್ತದೆ; ಇಂಧನದ ಖರ್ಚೂ ವಿಪರೀತವಾಗುತ್ತದೆ. (ಇತಿಹಾಸದ ಅಧ್ಯಾಪಕರು ಯಂತ್ರಶಾಸ್ತ್ರಕ್ಕೆ ಕೈಹಾಕಿದುದನ್ನು ಎಂಜಿನಿಯರುಗಳು ಮನ್ನಿಸಬೇಕು.) ಆರ್ಫಿಯಸ್ಸಿಗೆ ಇಂಥ ಏರ್ಪಾಟನ್ನು ಬೆಂಗಳೂರಿನಲ್ಲಿಯೇ ರೂಪಿಸಿ ಮಾರುತ್ತಿಗೆ ಅಳವಡಿಸಿದರು. ದಾಸರು ಅಂದು ಹಾರಿಸಿದುದು ಆ ಮಾದರಿಯನ್ನು. ನೆಲವನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ವಿಮಾನ ಬಿದ್ದಿತು. ಮೇಲೇರುವ ಗಳಿಗೆಯಲ್ಲಿ ವಿಮಾನಕ್ಕೆ ಎತ್ತರವೂ ಇಲ್ಲ, ವೇಗವೂ ಸಾಲದು; ದೋಷ ಯಾವುದೇ ಆಗಲಿ, ತಿದ್ದಿಕೊಳ್ಳಲು ವೈಮಾನಿಕನಿಗೆ ಸಮಯವಿರುವುದಿಲ್ಲ.

ಪರೀಕ್ಷಾ ವೈಮಾನಿಕನ ಕೆಲಸವೇ ಅಪಾಯದ್ದೆಂಬ ವಾದವುಂಟು. ಆದರೆ ಎಂಜಿನ್ನಿನ ವೆಚ್ಚವನ್ನು ಲೆಕ್ಕಹಾಕಿದವರ ಕಡತಗಳಲ್ಲಿ ಈ ಅಪಾಯದ ಲೆಕ್ಕವೂ ಸೇರಬೇಕಿತ್ತೆಂಬುದು ನಮ್ಮ ಅಭಿಪ್ರಾಯ.

ಪುನರ್ದಹನದ ಮಾರುತ್ ಸೇನೆಗೆ ಸೇರಲಿಲ್ಲ. ಹಳೆಯ 703 ಎಂಜಿನ್ನಿನ ಮಾರುತ್‌ಗಳೇ 1971ನೆಯ ಡಿಸೆಂಬರಿನಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಯುದ್ಧಕ್ಕೆ ಹಾರಿದುವು.