ಹುಲ್ಲು ಕತ್ತರಿಸಲು ಬರುತ್ತದೆ, ಕಂಪನಿ ಗೇಟು ದಾಟುವುದು ಹೇಗೆ?

ತೋಟಗಾರಿಕೆಯಲ್ಲಿ ಡಿಪ್ಲೊಮಾ ಮಾಡಿದವರು, ಇಲಾಖೆ ರೈತರ ಮಕ್ಕಳಿಗೆ ನಡೆಸುವ 10 ತಿಂಗಳ ತರಬೇತಿ ಮುಗಿಸಿದವರು, ಮಾವನ ನರ್ಸರಿಯಲ್ಲೇ ಕೆಲಸ ಕಲಿತವರು... ಬೆಂಗಳೂರಿನಲ್ಲಿ ಲಾನ್ ನಿರ್ವಹಣೆಗೆ ಇಳಿಯುವ ಹುಡುಗರು ಹೀಗೆ ನಾನಾ ಕಡೆಯಿಂದ ಬರುತ್ತಾರೆ. ಬಂಡವಾಳ ಬಹುತೇಕ ಒಂದೇ: ಒಂದು ಬ್ರಷ್ ಕಟರ್, ಒಂದು ಬೈಕು, ಜೊತೆಗೊಬ್ಬ ಸಹಾಯಕ. ಮೊದಲ ಗಿರಾಕಿಗಳು ಮನೆಯವರು. ತಿಂಗಳಿಗೆ ಎರಡು ಸಲ ಹೋಗಿ ಹುಲ್ಲು ಸಮ ಮಾಡಿ, ಕಳೆ ಕಿತ್ತು, ಕುಂಡಗಳಿಗೆ ಗೊಬ್ಬರ ಹಾಕಿ ಬಂದರೆ ಅವತ್ತೇ ಫೋನ್‌ಪೇ. ಆದರೆ ಮನೆಯವರು ಊರಿಗೆ ಹೋದ ತಿಂಗಳು ಕೆಲಸವಿಲ್ಲ. ಹತ್ತು ಮನೆ ಸುತ್ತಿದರೂ ಸಹಾಯಕನಿಗೆ ತಿಂಗಳು ಪೂರ್ತಿ ಕೂಲಿ ಹುಟ್ಟುವುದಿಲ್ಲ. ಆಗ ಕಣ್ಣು ಹೋಗುವುದು ಪೀಣ್ಯದ ಕಾರ್ಖಾನೆ, ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್, ಶಾಲೆ, ನರ್ಸಿಂಗ್ ಹೋಂ, ಕಲ್ಯಾಣ ಮಂಟಪಗಳ ಹುಲ್ಲುಹಾಸಿನ ಮೇಲೆ. ಒಂದೇ ಜಾಗ, ವರ್ಷದ ಕರಾರು, ತಿಂಗಳಿಗೊಂದು ಬಿಲ್ಲು.

ಆ ಕೆಲಸ ಹಿಡಿಯುವುದು ಹುಲ್ಲು ಕತ್ತರಿಸುವಷ್ಟೇ ಕಲಿಯಬೇಕಾದ ವಿದ್ಯೆ. ಹಿಡಿದ ಮೇಲೆ ದುಡ್ಡು ಕೈಗೆ ಬರುವ ತನಕ ಉಸಿರು ಹಿಡಿದುಕೊಳ್ಳುವುದು ಅದಕ್ಕಿಂತ ದೊಡ್ಡದು. ಮೂರು ವರ್ಷದಿಂದ ಇದೇ ಕೆಲಸದಲ್ಲಿರುವುದರಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲ ತೊಡಕು, ಯಾರನ್ನು ಕೇಳಬೇಕು ಎಂಬುದೇ. ಮನೆಯಲ್ಲಾದರೆ ಬೆಲ್ ಒತ್ತಿದರೆ ಯಜಮಾನರು ಬರುತ್ತಾರೆ. ಕಂಪನಿಯಲ್ಲಿ ಯಜಮಾನರಿಗೆ ಹುಲ್ಲಿನ ಚಿಂತೆ ಇಲ್ಲ. ಕಾರ್ಖಾನೆಯಲ್ಲಿ ಅಡ್ಮಿನ್ ಅಥವಾ ಎಚ್.ಆರ್. ವಿಭಾಗದವರು, ದೊಡ್ಡ ಕಚೇರಿಯಲ್ಲಿ ಫೆಸಿಲಿಟಿ ಮ್ಯಾನೇಜರ್, ಆಸ್ಪತ್ರೆಯಲ್ಲಿ ಮೇಂಟೆನೆನ್ಸ್ ಇನ್‌ಚಾರ್ಜ್, ಅಪಾರ್ಟ್‌ಮೆಂಟಿನಲ್ಲಿ ಎಸ್ಟೇಟ್ ಮ್ಯಾನೇಜರ್ ನೋಡಿಕೊಳ್ಳುತ್ತಾರೆ. ಅಪಾರ್ಟ್‌ಮೆಂಟಾದರೆ ಎಸ್ಟೇಟ್ ಮ್ಯಾನೇಜರ್ ಮೇಲೆ ಅಸೋಸಿಯೇಷನ್ ಕಮಿಟಿ ಇರುತ್ತದೆ. ಈ ಹೆಸರು, ನಂಬರು ಇಂಟರ್‌ನೆಟ್ಟಿನಲ್ಲಿ ಸಿಗುವುದು ಕಡಿಮೆ. ಗೇಟಿನ ಸೆಕ್ಯುರಿಟಿಯವರಿಗೆ ಗೊತ್ತಿರುತ್ತದೆ. "ಅಣ್ಣಾ, ಗಾರ್ಡನ್ ಕೆಲಸ ಯಾರು ನೋಡ್ಕೋತಾರೆ?" ಎಂದು ಮರ್ಯಾದೆಯಿಂದ ಕೇಳಿದರೆ ಹೆಸರು ಸಿಗುತ್ತದೆ. ಈಗಿರುವ ಕಂಟ್ರಾಕ್ಟರ್ ಸರಿಯಾಗಿ ಬರುತ್ತಾನೋ ಇಲ್ಲವೋ ಎಂಬುದೂ ಅದರ ಜೊತೆಗೇ ಬರುತ್ತದೆ.

ಈ ಮ್ಯಾನೇಜರ್‌ಗೆ ಬೇಕಾಗಿರುವುದೇನು? ಕಂಪ್ಲೇಂಟ್ ಬರಬಾರದು, ಅಷ್ಟೆ. ಬ್ರಷ್ ಕಟರ್‌ನಿಂದ ಸಿಡಿದ ಕಲ್ಲು ನಿಂತ ಕಾರಿನ ಗಾಜಿಗೆ ಬಡಿದರೆ ಬೈಗುಳ ಅವರಿಗೆ. ಆಸ್ಪತ್ರೆಯಲ್ಲಿ ರೌಂಡ್ಸ್ ಹೊತ್ತಿಗೆ, ಶಾಲೆಯಲ್ಲಿ ಪರೀಕ್ಷೆ ಹೊತ್ತಿಗೆ ಮಷೀನ್ ಕರ್ರೆಂದರೆ ಬೈಗುಳ ಅವರಿಗೆ. ಹೊರಗಿನ ಹುಡುಗರು ಐ.ಡಿ. ಕಾರ್ಡ್ ಇಲ್ಲದೆ ಒಳಗೆ ಓಡಾಡಿದರೂ ಬೈಗುಳ ಅವರಿಗೇ. ಆದ್ದರಿಂದ "ನಮ್ಮದು ಕ್ವಾಲಿಟಿ ಕೆಲಸ ಸಾರ್" ಎಂಬ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ. ಪಾರ್ಕಿಂಗ್ ಪಕ್ಕ ಕತ್ತರಿಸುವಾಗ ಅಡ್ಡ ಹಿಡಿಯಲು ಬಲೆ ತರುತ್ತೇವೆ, ಮಷೀನ್ ಓಡಿಸುವ ಗಂಟೆ ನೀವೇ ಹೇಳಿ, ಬರುವ ಹುಡುಗರ ಆಧಾರ್ ಪ್ರತಿ ಮೊದಲೇ ಕೊಡುತ್ತೇವೆ ಎನ್ನಿ. ತಲೆ ಎತ್ತಿ ನೋಡುತ್ತಾರೆ.

ಹೋಗುವ ಕಾಲವೂ ಮುಖ್ಯ. ಬಹಳ ಕಡೆ ವರ್ಷದ ಕರಾರು ಏಪ್ರಿಲ್‌ಗೆ ಹೊಸದಾಗುತ್ತದೆ, ಹಾಗಾಗಿ ಜನವರಿ, ಫೆಬ್ರುವರಿಯಲ್ಲಿ ಕೊಟೇಷನ್ ಅವರ ಮೇಜಿನ ಮೇಲಿದ್ದರೆ ಒಳ್ಳೆಯದು. ನನಗೆ ಹೆಚ್ಚು ಬಾಗಿಲು ತೆರೆದದ್ದು ಮಾತ್ರ ಜೂನ್, ಜುಲೈನಲ್ಲಿ. ಮಳೆ ಹಿಡಿದ ಮೇಲೆ ಹುಲ್ಲು ನೋಡನೋಡುತ್ತಿದ್ದಂತೆ ಬೆಳೆಯುತ್ತದೆ. ಹಳೆಯ ಕಂಟ್ರಾಕ್ಟರ್ ಹತ್ತು ಕಡೆ ಒಪ್ಪಿಕೊಂಡು ಎಲ್ಲೂ ಮುಗಿಸಲಾಗದೆ ಒದ್ದಾಡುತ್ತಿರುತ್ತಾನೆ. ಮೊಣಕಾಲೆತ್ತರ ಹುಲ್ಲು, ಹಾವಿನ ಭಯ, ಮೇಲಿನವರ ಫೋನು. ಆ ವಾರ ಗೇಟಿನಲ್ಲಿ ನಿಂತವನಿಗೆ ಒಳಗೆ ಕರೆ ಬರುತ್ತದೆ.

ಒಳಗೆ ಬಿಟ್ಟ ಮೇಲೆ ತಕ್ಷಣ ರೇಟ್ ಹೇಳಬೇಡಿ. ಟೇಪ್ ಹಿಡಿದು ಅಳೆಯಿರಿ. ಸುತ್ತಾಡಿ ಕಂಡದ್ದನ್ನು ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಹೊಂಗೆ ಮರದ ನೆರಳಿನಲ್ಲಿ ಬರ್ಮುಡಾ ಹುಲ್ಲು ಹಾಕಿ, ಅದು ಬೋಳಾಗಿರುತ್ತದೆ. ಬರ್ಮುಡಾ ಎಂದರೆ ನಮ್ಮ ಗರಿಕೆಯ ಜಾತಿಯೇ, ಅದಕ್ಕೆ ಬಿಸಿಲು ಬೇಕು. ನೆರಳಿಗೆ ಬಫೆಲೊ ಗ್ರಾಸ್ ತಾಳುತ್ತದೆ. ಎಲ್ಲೋ ಒಂದು ಕಡೆ ಕೊನ್ನಾರಿ ಗಡ್ಡೆ ಹರಡಿರುತ್ತದೆ. ಮೇಲೆ ಕತ್ತರಿಸಿದಷ್ಟೂ ಗಡ್ಡೆಯಿಂದ ಮತ್ತೆ ಚಿಗುರುವ ಕಳೆ ಅದು, ಅಗೆದೇ ತೆಗೆಯಬೇಕು. ಖರ್ಚು ಉಳಿಸಲು ತಿಂಗಳಿಗೊಮ್ಮೆ ಬುಡದವರೆಗೆ ಬೋಳಿಸಿದ ಲಾನ್ ಹಳದಿ ತಿರುಗಿರುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬುದು ಹಳೆಯ ಪಾಠ. ಇದನ್ನೆಲ್ಲ ನಾಲ್ಕು ಫೋಟೊ ಸಮೇತ ಒಂದೇ ಪುಟದಲ್ಲಿ ಬರೆದು ಮಾರನೆಯ ದಿನ ಕಳುಹಿಸಿ. ಕೆಲವರು 'ಒಂದು ತಿಂಗಳು ಫ್ರೀ ಮಾಡಿ ತೋರಿಸಿ' ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಫ್ರೀ ಕೆಲಸಕ್ಕೂ ಕೂಲಿ ನಮ್ಮ ಕೈಯಿಂದಲೇ ಹೋಗುವುದು. ಆ ಒಂದು ಪುಟ ಸಾಕು.

ನೀರಿನ ಲೆಕ್ಕ ಬರುವವನಿಗೆ ಬೆಂಗಳೂರಿನಲ್ಲಿ ಈಗ ಬೆಲೆ ಜಾಸ್ತಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯಲಿಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದು ನೆನಪಿರಬಹುದು. ಲೆಕ್ಕ ಹೀಗೆ: ಒಂದು ಚದರ ಮೀಟರ್‌ಗೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. 15,000 ಚದರ ಅಡಿ ಲಾನ್ ಎಂದರೆ ಸುಮಾರು 1,400 ಚದರ ಮೀಟರ್. ಒಂದು ಸಲಕ್ಕೆ 5 ಮಿಲಿಮೀಟರ್ ಕೊಟ್ಟರೂ 7,000 ಲೀಟರ್. ಅಂದರೆ 6,000 ಲೀಟರಿನ ಟ್ಯಾಂಕರ್ ಒಂದು ಸಾಲದು. ಈ ಅಂಕಿ ಬಿಡಿಸಿ ಹೇಳಿ, 'ನಿಮ್ಮ ಎಸ್‌ಟಿಪಿ ನೀರನ್ನೇ ಬೆಳಗಿನ ಜಾವ ಬಿಡೋಣ, ಇಷ್ಟು ಜಾಗದಲ್ಲಿ ಹುಲ್ಲು ತೆಗೆದು ನೀರು ಕಡಿಮೆ ಬೇಡುವ ಗಿಡ ಹಾಕೋಣ' ಎಂದರೆ ಕಮಿಟಿಯವರು ಕುರ್ಚಿ ಎಳೆದು ಕೂರಿಸುತ್ತಾರೆ. ಲಾನ್ ಮಾಡುವವನೇ ಲಾನ್ ಕಡಿಮೆ ಮಾಡಿ ಎನ್ನುವುದು ವಿಚಿತ್ರ ಅನಿಸಬಹುದು. ಆದರೆ ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಉತ್ತರ ಕೊಡಬೇಕಾದವರೂ ನಾವೇ ತಾನೆ?

ಈಗ ರೇಟು. ಪಕ್ಕದವನು ಎಷ್ಟು ಹೇಳಿದ ಎಂದು ಕೇಳಿ ಅದಕ್ಕಿಂತ ಸಾವಿರ ಇಳಿಸುವುದು ಸುಲಭದ ದಾರಿ, ಮುಳುಗುವ ದಾರಿಯೂ ಹೌದು. ಅದೇ 15,000 ಚದರ ಅಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ತಿಂಗಳಿಗೆ 8 ದಿನ, ಇಬ್ಬರು, ದಿನಗೂಲಿ 800 ಎಂದಿಟ್ಟುಕೊಂಡರೆ 12,800. ಪೆಟ್ರೋಲ್, ಎರಡು ಸ್ಟ್ರೋಕ್ ಎಂಜಿನ್ನಿಗೆ ಬೆರೆಸುವ ಆಯಿಲ್, ನೈಲಾನ್ ದಾರ, ಬ್ಲೇಡು 2,500. ಓಡಾಟ 2,400. ಗೊಬ್ಬರ, ಔಷಧಿ 1,500. ಮಷೀನ್ ಸವೆತಕ್ಕೆ 1,500. ಒಟ್ಟು 20,700. ಇದರ ಮೇಲೆ ನಿಮ್ಮ ಮೇಲ್ವಿಚಾರಣೆ, ಲಾಭ ಸೇರಿಸಿ 26,000 ಹೇಳಿದರೆ ಅದು ದುರಾಸೆಯಲ್ಲ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ವರ್ಷ ದಾಟುವ ಕರಾರಾದರೆ ಅದಕ್ಕೆ ತಕ್ಕಂತೆ ದರ ಏರುತ್ತದೆ ಎಂದು ಬರೆಸಿಕೊಳ್ಳಿ. ಯಾವುದು ಸೇರಿಲ್ಲ ಎಂಬುದನ್ನೂ ಬರೆಯಿರಿ. "ಹಾಗೇ ಆ ಮರ ಒಂದಿಷ್ಟು ಕಡಿದುಬಿಡಿ" ಎಂಬ ಮಾತು ಬಂದೇ ಬರುತ್ತದೆ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಅದು ನಮ್ಮ ಹುಲ್ಲಿನ ಕರಾರಿನೊಳಗೆ ನುಸುಳಬಾರದು.

ಕೆಲಸ ಸಿಕ್ಕಿತು ಎಂದುಕೊಳ್ಳೋಣ. ಏಪ್ರಿಲ್ 1ಕ್ಕೆ ಶುರು. ಮೇ 1ಕ್ಕೆ ಬಿಲ್ಲು. ಕರಾರಿನಲ್ಲಿ 45 ದಿನ ಅಂತ ಇದ್ದರೆ ಮೊದಲ ಹಣ ಬರುವುದು ಜೂನ್ 15ರ ಹೊತ್ತಿಗೆ. ಹುಡುಗರಿಗೆ ಮಾತ್ರ ಪ್ರತಿ ಶನಿವಾರ ಕೂಲಿ ಕೊಡಲೇಬೇಕು. ಎರಡೂವರೆ ತಿಂಗಳ ಖರ್ಚು ಎಂದರೆ 50,000ಕ್ಕೂ ಮೇಲೆ, ಪೂರಾ ನಿಮ್ಮ ಕೈಯಿಂದ. ಖುಷಿಯಲ್ಲಿ ಒಂದೇ ಸಲ ಇಂಥ ಮೂರು ಕಡೆ ಒಪ್ಪಿಕೊಂಡರೆ ಒಂದೂವರೆ ಲಕ್ಷ. ಕೆಲಸ ತುಂಬಿ ತುಳುಕುತ್ತಿರುವಾಗಲೇ ಮಷೀನ್ ಮಾರಿ ಊರಿಗೆ ಹೋದವರನ್ನು ನಾನು ನೋಡಿದ್ದೇನೆ. ಅವರ ಹುಲ್ಲು ಚೆನ್ನಾಗಿಯೇ ಇತ್ತು. ಅದಕ್ಕೇ ಮನೆಗಳ ಕೆಲಸವನ್ನು ಒಮ್ಮೆಲೇ ಬಿಡಬೇಡಿ. ವಾರದ ಕೂಲಿ ಅಲ್ಲಿಂದ ಹುಟ್ಟುತ್ತದೆ.

ಕಾಗದಪತ್ರಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಉದ್ಯಮ್ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ ಆಗುತ್ತದೆ. ದುಡ್ಡು ಕೇಳುವ ವೆಬ್‌ಸೈಟುಗಳು ದಲ್ಲಾಳಿಗಳದ್ದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ, ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉದ್ಯಮಕ್ಕೆ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಕರಾರಿಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಉಳಿಸಿಕೊಳ್ಳಬೇಕಾದ ಗಿರಾಕಿಯ ಮೇಲೆ ಯಾರೂ ದೂರು ಕೊಡಲು ಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಇದ್ದರೆ ಅವರ ಅಕೌಂಟ್ಸ್ ವಿಭಾಗವೇ ಎಚ್ಚರವಾಗಿರುತ್ತದೆ: ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು, ಕೊಡುವವರೆಗೆ, ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲಾಗದು ಎಂಬ ನಿಯಮ ಈಗಿದೆ. ಕೆಲಸ ಶುರುವಾಗುವ ಮೊದಲೇ ನೋಂದಣಿ ಮಾಡಿಸಿಕೊಂಡಿರಿ.

ಜಿಎಸ್‌ಟಿ ಬಗ್ಗೆ ಹೆದರಿಕೆ ಬೇಡ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಅದು ಕಡ್ಡಾಯವಲ್ಲ. ಕಾರ್ಖಾನೆಯವರು ಕೇಳಬಹುದು, ಅವರು ಕಟ್ಟಿದ ತೆರಿಗೆಗೆ ಕ್ರೆಡಿಟ್ ಪಡೆಯುತ್ತಾರೆ. ಕ್ರೆಡಿಟ್ ಸಿಗದ ಅಪಾರ್ಟ್‌ಮೆಂಟಿನವರಿಗೆ ಜಿಎಸ್‌ಟಿ ಇಲ್ಲದ ನಿಮ್ಮ ಬಿಲ್ಲೇ ಅಗ್ಗ. ಟಿಡಿಎಸ್ ಎಂದು ಶೇ 1ರಷ್ಟು ಹಿಡಿದುಕೊಂಡರೆ ಗಾಬರಿಯಾಗಬೇಡಿ, ಅದು ನಿಮ್ಮ ಪ್ಯಾನ್‌ಗೇ ಜಮೆಯಾಗುತ್ತದೆ. ಕಟ್ಟಬೇಕಾದ ತೆರಿಗೆ ಇಲ್ಲದಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು.

ಮೊದಲ ಗಿರಾಕಿಯಾಗಿ ಐಟಿ ಪಾರ್ಕ್ ಹಿಂದೆ ಬೀಳುವುದು ವ್ಯರ್ಥ. ಅಲ್ಲಿ ಇಡೀ ನಿರ್ವಹಣೆಯೇ ದೊಡ್ಡ ಫೆಸಿಲಿಟಿ ಕಂಪನಿಗಳ ಕೈಯಲ್ಲಿರುತ್ತದೆ. ಅವರ ಕೆಳಗೆ ಸಬ್ ಕಂಟ್ರಾಕ್ಟ್ ಸಿಗಬಹುದು. ರೇಟು ಕಡಿಮೆ, ಹಣ ಇನ್ನೂ ತಡ; ಕೆಲಸ ಮಾಡಿದ ಅನುಭವಪತ್ರವೊಂದು ಸಿಗುತ್ತದೆ ಎನ್ನುವುದಷ್ಟೇ ಲಾಭ. ಒಂದು ವರ್ಷಕ್ಕೆ ಸರಿ, ಅದಕ್ಕಿಂತ ಹೆಚ್ಚು ಬೇಡ. ಶಾಲೆ, ಸಣ್ಣ ಕಾರ್ಖಾನೆ, ಕಲ್ಯಾಣ ಮಂಟಪ ಒಳ್ಳೆಯ ಆರಂಭ. ಮಂಟಪದವರಿಗೆ ಮುಹೂರ್ತದ ಹಿಂದಿನ ದಿನ ಹುಲ್ಲು ಅಚ್ಚುಕಟ್ಟಾಗಿದ್ದರೆ ಸಾಕು, ದುಡ್ಡು ಬೇಗ ಕೊಡುತ್ತಾರೆ. ಅದೇ ರಸ್ತೆಯಲ್ಲಿ ಎರಡನೆಯ ಗಿರಾಕಿ ಸಿಕ್ಕರೆ ಓಡಾಟದ ಖರ್ಚು ಅರ್ಧ.

ಕರಾರು ಉಳಿಯುವುದು ದಿನಾ ಅಲ್ಲಿ ಕಾಣಿಸುವ ಮಾಲಿಯ ಮೇಲೆ. ಮ್ಯಾನೇಜರ್‌ಗೆ ನಿಮ್ಮ ಹೆಸರು ಮರೆತರೂ ಅವನ ಹೆಸರು ನೆನಪಿರುತ್ತದೆ. ಒಳ್ಳೆಯ ಮಾಲಿಯನ್ನು ಗಿರಾಕಿಗಳೇ ನೇರವಾಗಿ ಕೆಲಸಕ್ಕೆ ಕರೆದುಕೊಳ್ಳುವುದೂ ಉಂಟು. ಅದನ್ನು ತಡೆಯುವ ಷರತ್ತು ಹಾಕಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಾರ್ಖಾನೆಯ ಖಾಯಂ ಸಂಬಳ, ಪಿಎಫ್ ಅವನಿಗೆ ಸಿಗುವುದಾದರೆ ಅಡ್ಡ ನಿಲ್ಲಲು ನಾವ್ಯಾರು? ನಾನು ಮಾಡುವುದಿಷ್ಟು: ಪ್ರತಿ ಜಾಗಕ್ಕೂ ಇಬ್ಬರನ್ನು ಪಳಗಿಸುತ್ತೇನೆ, ಶನಿವಾರದ ಕೂಲಿಯನ್ನು ಗಿರಾಕಿಯ ಹಣ ಬರಲಿ, ಬಿಡಲಿ, ಶನಿವಾರವೇ ಕೊಡುತ್ತೇನೆ.