ಹಲಗೆಯಿಂದ ಮಂಡಲಿಗೆ

ಇಂಗ್ಲಿಷಿನ ‘ಬೋರ್ಡ್’ ಶಬ್ದಕ್ಕೆ ನಿಘಂಟು ಹಲಗೆ, ಮೇಜು, ಊಟ, ಮಂಡಲಿ, ಹಡಗಿನ ಮಗ್ಗುಲು ಎಂದು ಸಾಲಾಗಿ ಅರ್ಥ ಕೊಡುತ್ತದೆ. ಮಕ್ಕಳು ಅವನ್ನು ಒಂದಕ್ಕೊಂದು ನಂಟಿಲ್ಲದವೆಂದು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುತ್ತಾರೆ. ಮೂಲಾರ್ಥ ಕೊಯ್ದ ಮರದ ಹಲಗೆ. ಹಳೆಯ ಇಂಗ್ಲೆಂಡಿನಲ್ಲಿ ಕಾಲುಗಳ ಮೇಲೆ ಹಲಗೆ ಹಾಸಿದರೆ ಅದೇ ಊಟದ ಮೇಜು. ಆ ಹೆಸರು ಮೇಜಿನ ಮೇಲಣ ಊಟಕ್ಕೂ, ಅದನ್ನು ಸುತ್ತಿ ಕುಳಿತು ಆಲೋಚಿಸುವವರಿಗೂ ಸಂದಿತು. ನಮ್ಮ ಆಲಂಕಾರಿಕರು ಹೇಳುವ ಲಕ್ಷಣೆಯೇ ಇದು. ಈ ದಾರಿಯನ್ನು ತೋರಿಸಿದರೆ ಬಾಯಿಪಾಠದ ಹೊರೆ ಇಳಿಯುತ್ತದೆ.

‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬಲ್ಲಿ ಮೊದಲನೆಯದು ಊಟ, ಎರಡನೆಯದು ವಸತಿ. 1956ಕ್ಕೆ ಮೊದಲು ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ ಹಿರಿಯರು ‘ಬೋರ್ಡು ಶಾಲೆ’ ಎನ್ನುತ್ತಿದ್ದುದು ಜಿಲ್ಲಾ ಬೋರ್ಡು ನಡೆಸುತ್ತಿದ್ದ ಶಾಲೆಗೆ. ಅಲ್ಲಿಯ ಕರಿಹಲಗೆಗೂ ಆ ಹೆಸರಿಗೂ ಸಂಬಂಧವಿಲ್ಲ. ‘ಸ್ಟಾರ್‌ಬೋರ್ಡ್’ಗೂ ನಕ್ಷತ್ರಕ್ಕೂ ಹಾಗೆಯೇ. ಅದು ಪೂರ್ವದಲ್ಲಿ ಚುಕ್ಕಾಣಿಯ ಹುಟ್ಟನ್ನು ಕಟ್ಟುತ್ತಿದ್ದ ಬಲಮಗ್ಗುಲು.

ಪ್ರಯೋಗದಲ್ಲಿ ನಿಜವಾದ ತೊಡಕು ‘ದಿ’ ಎಂಬ ಪುಟ್ಟ ಪದದ್ದು. ‘ಆನ್ ಬೋರ್ಡ್’ ಎಂದರೆ ಹಡಗು, ರೈಲು, ವಿಮಾನಗಳೊಳಗೆ. ‘ಆನ್ ದಿ ಬೋರ್ಡ್’ ಎಂದರೆ ಹಲಗೆಯ ಮೇಲೆ, ಇಲ್ಲವೆ ಮಂಡಲಿಯ ಸದಸ್ಯನಾಗಿ. ಕನ್ನಡದಲ್ಲಿ ಅಂಥ ಪದವಿಲ್ಲವಾದ್ದರಿಂದ ನಮ್ಮ ಮಕ್ಕಳು ಅದನ್ನು ಸಲೀಸಾಗಿ ಬಿಟ್ಟುಬಿಡುತ್ತಾರೆ. ಆಗ ಕರಿಹಲಗೆಯ ಮೇಲೆ ಲೆಕ್ಕ ಬರೆದ ಮೇಷ್ಟರು, ಪಾಪ, ಹಡಗಿನಲ್ಲಿ ಕುಳಿತು ಬರೆದಂತಾಗುತ್ತದೆ.